ನಸುಕಿನ ನಾಲ್ಕೂವರೆಯ ಆಸ್ಕರ್: ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಸಿನಿಮಾ ಹುಚ್ಚರಿಗೆ ಒಂದು ಕೈಪಿಡಿ

ಮಾರ್ಚ್ ತಿಂಗಳ ನಸುಕಿನಲ್ಲಿ ಒಂದು ಮನೆಯ ದೀಪ ಹತ್ತಿದರೆ, ಹುಡುಗ ಎಸ್‌ಎಸ್‌ಎಲ್‌ಸಿ ಓದಲು ಎದ್ದಿದ್ದಾನೆ ಅಂತ ಓಣಿಯವರು ತಿಳಿಯುತ್ತಾರೆ. ಒಂದೊಂದು ಮನೆಯಲ್ಲಿ ಎದ್ದವರು ಆಸ್ಕರ್ ಸಿನಿಮಾ ಪ್ರಶಸ್ತಿ ಸಮಾರಂಭ ನೋಡುವವರು. "ಇಷ್ಟ್ ನಸುಕಿನ್ಯಾಗ ಟಿವಿ ಹಚ್ಚಿ ಏನ್ ನೋಡ್ತೀಯೋ ತಮ್ಮಾ, ಕಾಕಡಾರತಿ ಐತೇನು?" ಅಂತ ಅವ್ವ ಕೇಳಿದರೆ ಅದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ. ಆದರೆ ಎದ್ದ ಮೇಲೆ ನಿದ್ದೆಯೂ ಹೋಗಿ ಸಮಾರಂಭವೂ ತಪ್ಪುವುದನ್ನು ತಡೆಯಬಹುದು. ತಪ್ಪುವುದು ಸಾಮಾನ್ಯವಾಗಿ ನಾಲ್ಕೇ ಕಾರಣಕ್ಕೆ: ಅಲಾರಂ ಒಂದು ತಾಸು ಹೆಚ್ಚುಕಡಿಮೆ ಆಗಿರುತ್ತದೆ, ನಡುವೆ ಕರೆಂಟು ಹೋಗುತ್ತದೆ, ಮೊಬೈಲ್ ಡೇಟಾ ಮುಗಿಯುತ್ತದೆ, ಇಲ್ಲವೇ ನಾಮನಿರ್ದೇಶನಗೊಂಡ ಒಂದು ಸಿನಿಮಾವನ್ನೂ ನೋಡಿರುವುದಿಲ್ಲ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆಡುವವರು ಯಾರೆಂದೇ ಗೊತ್ತಿಲ್ಲದೆ ಕುಸ್ತಿ ಅಖಾಡದ ಬದಿಗೆ ಮೂರೂವರೆ ತಾಸು ಕೂತಂತೆ.

ಅಲಾರಂ ಎಷ್ಟಕ್ಕೆ ಇಡಬೇಕು

ಸಮಾರಂಭ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ನ್ಯೂಯಾರ್ಕಿನ ಗಡಿಯಾರದಲ್ಲಿ ಆಗ ಸಂಜೆ ಏಳು. 2024ರಿಂದ ಈ ಹೊತ್ತು ನಡೆದುಬಂದಿದೆ. ಅದಕ್ಕೂ ಮೊದಲು ಒಂದು ತಾಸು ತಡವಾಗಿ ಶುರುವಾಗುತ್ತಿತ್ತು. ನಮಗೆ ಅದು ಸೋಮವಾರದ ನಸುಕು. ಎಷ್ಟು ಗಂಟೆ ಎಂಬುದರಲ್ಲೇ ಬಹಳ ಮಂದಿ ಎಡವುತ್ತಾರೆ.

ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ. ಸಮಾರಂಭ ಆ ಭಾನುವಾರವೇ ಇದ್ದರೆ ಅಥವಾ ಆಮೇಲೆ ಬಂದರೆ ನಮ್ಮಲ್ಲಿ 4:30ಕ್ಕೆ ಶುರು. ಅದಕ್ಕಿಂತ ಮೊದಲು ಬಂದರೆ 5:30ಕ್ಕೆ. 2025ರಲ್ಲಿ ಮಾರ್ಚ್ 2ಕ್ಕೆ ಇತ್ತು, ಹಾಗಾಗಿ ನಮಗೆ ಮಾರ್ಚ್ 3ರ ಬೆಳಗಿನ 5:30. 2024ರಲ್ಲಿ ಮಾರ್ಚ್ 10, ಗಡಿಯಾರ ತಿರುಗಿಸಿದ ದಿನವೇ, ಹಾಗಾಗಿ 4:30. 2026ರ ಮಾರ್ಚ್ 15ರದ್ದೂ 4:30ರ ಲೆಕ್ಕಕ್ಕೇ ಬರುತ್ತದೆ. ಹೋದ ವರ್ಷದ ಅಲಾರಂ ಫೋನಿನಲ್ಲಿ ಉಳಿದಿದೆ ಅಂತ ಅದನ್ನೇ ನಂಬಿ ಮಲಗಿದವರು ಮೊದಲ ತಾಸನ್ನು ಕಳೆದುಕೊಳ್ಳುತ್ತಾರೆ. ಆ ಮೊದಲ ತಾಸಿನಲ್ಲೇ ಪೋಷಕ ಪಾತ್ರದ ಒಂದು ಪ್ರಶಸ್ತಿ ಹೋಗಿರುತ್ತದೆ.

ಕೆಂಪು ಹಾಸಿನ ನಡಿಗೆಯೂ ಬೇಕೆನ್ನುವವರು ಇನ್ನೂ ಒಂದು ತಾಸು ಮೊದಲು ಏಳಬೇಕು. ಬಟ್ಟೆ ನೋಡುವ ಹವ್ಯಾಸ ಇಲ್ಲದಿದ್ದರೆ ಆ ತಾಸು ಮಲಗುವುದೇ ಲೇಸು. ಇದ್ದವರಿಗೆ ಒಂದು ಮಜಾ ಹೇಳಬಹುದು: ನಾಲ್ಕು ಮಂದಿ ಗೆಳತಿಯರು ಸೇರುವ ಮನೆಯಾದರೆ ಆವತ್ತು ಎಲ್ಲರೂ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸದಲ್ಲೇ ಬರಬೇಕು ಅಂತ ಕಟ್ಟಳೆ ಮಾಡಿಕೊಳ್ಳಿ. ಹಾಸಿಗೆಯಿಂದ ಎದ್ದ ಅವತಾರದಲ್ಲೇ ಕೂತು ಹಾಲಿವುಡ್ ನಟಿಯ ಗೌನಿಗೆ ಹೆಸರಿಡುವುದಕ್ಕಿಂತ ಇದು ನ್ಯಾಯ.

ಮುಗಿಯುವ ಹೊತ್ತನ್ನೂ ಲೆಕ್ಕ ಹಾಕಿ. ಸಮಾರಂಭ ಸುಮಾರು ಮೂರೂವರೆ ತಾಸು, ಕೆಲವೊಮ್ಮೆ ಅದರ ಮೇಲೆ ಕಾಲು ತಾಸು. 4:30ಕ್ಕೆ ಶುರುವಾದ ವರ್ಷ ಎಂಟೂಕಾಲಿಗೆ ಎದ್ದು ಸ್ನಾನ ಮಾಡಿ ಹತ್ತಕ್ಕೆ ಆಫೀಸಿಗೆ ಹೋಗಬಹುದು. 5:30ರ ವರ್ಷ ಶಾಲೆಯವರಿಗೂ ಬ್ಯಾಂಕಿನವರಿಗೂ ಕಷ್ಟ. ದೊಡ್ಡ ಪ್ರಶಸ್ತಿಗಳೆಲ್ಲ ಕೊನೆಯ ಅರ್ಧ ತಾಸಿನಲ್ಲಿ ಬರುವುದರಿಂದ ಅರ್ಧ ನೋಡಿ ಹೊರಡುವುದರಲ್ಲಿ ಅರ್ಥವಿಲ್ಲ. ಅಂಥ ವರ್ಷಕ್ಕೆ ಒಂದು ಸಿಎಲ್ ಉಳಿಸಿಟ್ಟುಕೊಳ್ಳಿ. ಕಾರಣದ ಜಾಗದಲ್ಲಿ ಮನೆ ಕೆಲಸ ಅಂತ ಬರೆದರೆ ಸುಳ್ಳೇನಲ್ಲ, ಕೆಲಸ ನಡೆಯುವುದು ಮನೆಯಲ್ಲೇ.

ಕರೆಂಟು, ಚಾನಲ್, ಡೇಟಾ

2025ರಲ್ಲಿ ನೇರಪ್ರಸಾರ ಜಿಯೋಹಾಟ್‌ಸ್ಟಾರ್ ಆ್ಯಪಿನಲ್ಲೂ ಸ್ಟಾರ್ ಮೂವೀಸ್ ಚಾನಲ್ಲಿನಲ್ಲೂ ಬಂತು. 2029ರಿಂದ ಇಡೀ ಸಮಾರಂಭ ಯೂಟ್ಯೂಬಿಗೆ ಹೋಗುತ್ತದೆ. ಅಲ್ಲಿಯವರೆಗೆ ಪ್ರತಿ ವರ್ಷ ಒಂದು ವಾರ ಮುಂಚೆ ಎಲ್ಲಿ ಬರುತ್ತದೆ ಅಂತ ನೋಡಿಕೊಳ್ಳಿ. ನಮ್ಮ ಕಡೆಯ ಕೇಬಲ್ ಪ್ಯಾಕಿನಲ್ಲಿ ಕನ್ನಡ, ಮರಾಠಿ, ಹಿಂದಿ ಎಲ್ಲ ಇದ್ದು ಇಂಗ್ಲಿಷ್ ಸಿನಿಮಾ ಚಾನಲ್ ಮಾತ್ರ ಇರುವುದಿಲ್ಲ. ಆ ಒಂದೇ ಚಾನಲ್ಲನ್ನು ಬಿಡಿಯಾಗಿ ಒಂದು ತಿಂಗಳಿಗೆ ಹಾಕಿಸಿಕೊಳ್ಳಬಹುದು. ಕೇಬಲ್‌ನವರಿಗೆ ಭಾನುವಾರ ರಾತ್ರಿ ಫೋನ್ ಮಾಡಿದರೆ ಸೋಮವಾರ ಹತ್ತರ ಮೇಲೆ ಹಾಕಿಕೊಡುತ್ತಾರೆ, ಆದ್ದರಿಂದ ಶುಕ್ರವಾರದ ಒಳಗೇ ಮುಗಿಸಿ.

ಆ್ಯಪ್ ಕೇಬಲ್ಲಿಗಿಂತ ಅರ್ಧ ನಿಮಿಷದಿಂದ ಒಂದು ನಿಮಿಷ ಹಿಂದೆ ಓಡುತ್ತದೆ. ಕೇಬಲ್ಲಿನಲ್ಲಿ ನೋಡುತ್ತಿರುವ ದೋಸ್ತ "ಅಬ್ಬಾ!" ಅಂತ ಗ್ರೂಪಿನಲ್ಲಿ ಹಾಕಿದರೆ ನಿಮ್ಮಲ್ಲಿ ಇನ್ನೂ ಲಕೋಟೆ ಒಡೆದಿರುವುದಿಲ್ಲ. ಫೋನನ್ನು ಬೋರಲು ಹಾಕಿ ಇಡಿ.

ಕರೆಂಟಿನ ಲೆಕ್ಕ ಹೀಗೆ. 43 ಇಂಚಿನ ಎಲ್‌ಇಡಿ ಟಿವಿ ಸುಮಾರು 70 ವ್ಯಾಟ್, ಸೆಟ್‌ಟಾಪ್ ಬಾಕ್ಸ್ ಹದಿನೈದರ ಒಳಗೆ, ವೈಫೈ ರೌಟರ್ ಹತ್ತು, ಹಳೇ ಫ್ಯಾನ್ ಎಪ್ಪತ್ತು. ಎಲ್ಲ ಸೇರಿ 170 ವ್ಯಾಟ್ ಹಿಡಿಯಿರಿ. 150 ಆ್ಯಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್-ಅವರ್. ಸವಕಳಿ, ನಷ್ಟ ಕಳೆದು 1100 ಸಿಕ್ಕರೂ ಆರು ತಾಸು ನಡೆಯುತ್ತದೆ. ಅಂದರೆ ಬ್ಯಾಟರಿ ಸಾಲದೆ ಯಾರೂ ಕೆಡುವುದಿಲ್ಲ. ಕೆಡುವುದು ವೈರಿಂಗಿನಿಂದ. ಬಹಳ ಮನೆಗಳಲ್ಲಿ ಇನ್ವರ್ಟರ್ ಲೈನಿಗೆ ಕೊಟ್ಟಿರುವುದು ದೀಪ ಮತ್ತು ಫ್ಯಾನು ಮಾತ್ರ, ಟಿವಿಯ ಸಾಕೆಟ್ಟು ಅದರಲ್ಲಿ ಇರುವುದೇ ಇಲ್ಲ. ಭಾನುವಾರ ಹಗಲಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ಟಿವಿ ಉಳಿಯುತ್ತದೋ ಆರುತ್ತದೋ ನೋಡಿ. ಆರಿದರೆ ಇನ್ವರ್ಟರ್ ಇರುವ ಸಾಕೆಟ್ಟಿನಿಂದ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದುಕೊಂಡರೆ ಸಾಕು, ಇಲೆಕ್ಟ್ರಿಶಿಯನ್ ಬೇಕಿಲ್ಲ.

ರೌಟರಿಗೆ ಪ್ರತ್ಯೇಕವಾಗಿ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ರೌಟರ್ ಅಡಾಪ್ಟರಿನ ಮೇಲೆ ಬರೆದದ್ದು ಒಂದು ಆ್ಯಂಪಿಯರೋ ಎರಡೋ ಓದಿ, ಪಿನ್ನಿನ ಗಾತ್ರವನ್ನೂ ಹೋಲಿಸಿ. ಇಷ್ಟೆಲ್ಲ ಮಾಡಿದರೂ ಓಣಿಯ ತುದಿಯಲ್ಲಿರುವ ಇಂಟರ್‌ನೆಟ್‌ನವರ ಡಬ್ಬಿಗೇ ಕರೆಂಟಿಲ್ಲದೆ ಹೋಗಬಹುದು. ಅದಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಇರಲಿ. ಫುಲ್ ಎಚ್‌ಡಿಯಲ್ಲಿ ಒಂದು ತಾಸಿಗೆ ಸುಮಾರು ಎರಡೂವರೆ, ಮೂರು ಜಿಬಿ ಹೋಗುತ್ತದೆ; ಪೂರ್ತಿ ನೋಡಿದರೆ ಹತ್ತು ಜಿಬಿ. ದಿನಕ್ಕೆ ಎರಡು ಜಿಬಿಯ ಪ್ಯಾಕು ಮುಕ್ಕಾಲು ತಾಸಿಗೇ ಕೈಕೊಡುತ್ತದೆ. 480ಪಿಗೆ ಇಳಿಸಿದರೆ ತಾಸಿಗೆ ಮುಕ್ಕಾಲು ಜಿಬಿಯೊಳಗೆ, ಆಗ ಇಬ್ಬರ ಫೋನಿನ ದಿನದ ಪಾಲು ಸೇರಿ ಕೊನೆ ಮುಟ್ಟಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬರುವುದರಿಂದ ನಸುಕಿನಲ್ಲಿ ಪೂರ್ತಿ ಪಾಲು ಕೈಯಲ್ಲಿರುತ್ತದೆ ಅನ್ನುವುದೊಂದೇ ಸಮಾಧಾನ.

ಎರಡು ಅಂಕಣದ ಹಾಳೆ

ಊಹೆಯ ಹಾಳೆ ಇಲ್ಲದೆ ಪ್ರಶಸ್ತಿ ಸಮಾರಂಭ ನೋಡುವುದು ಸಪ್ಪೆ. ಆದರೆ ಬಹುತೇಕರು ಮಾಡುವ ಹಾಳೆಯೇ ತಪ್ಪು, ಯಾಕೆಂದರೆ ಒಂದೇ ಅಂಕಣ ಇರುತ್ತದೆ. ಎರಡು ಬೇಕು: "ಯಾರು ಗೆಲ್ಲುತ್ತಾರೆ" ಮತ್ತು "ಯಾರು ಗೆಲ್ಲಬೇಕು". ಮೊದಲನೆಯದು ಲೆಕ್ಕ, ಎರಡನೆಯದು ಪ್ರೀತಿ. ಎರಡನ್ನೂ ಕಲಸಿದವರು ಪ್ರತಿ ವರ್ಷ ಸೋಲುತ್ತಾರೆ.

2026ರಿಂದ ವಿಭಾಗಗಳು 24. ಪಾತ್ರವರ್ಗದ ಆಯ್ಕೆಗೆ, ಅಂದರೆ ಕಾಸ್ಟಿಂಗ್‌ಗೆ, ಹೊಸದಾಗಿ ಪ್ರಶಸ್ತಿ ಸೇರಿದೆ. 2028ರ ನೂರನೇ ಸಮಾರಂಭದಿಂದ ಸಾಹಸಕ್ಕೂ ಬರುತ್ತದೆ. ಧ್ವನಿಗೆ ಮೊದಲು ಎರಡು ಇದ್ದವು, 2021ರಿಂದ ಒಂದೇ. ಹಳೇ ಹಾಳೆಯನ್ನೇ ಝೆರಾಕ್ಸ್ ಮಾಡಿದರೆ ಇಲ್ಲಿ ತಪ್ಪುತ್ತದೆ.

ಅಂಕ ಹಂಚುವುದು ಹೀಗಿರಲಿ. ಅತ್ಯುತ್ತಮ ಚಿತ್ರಕ್ಕೆ 3. ನಿರ್ದೇಶನ, ನಟನೆಯ ನಾಲ್ಕು, ಚಿತ್ರಕಥೆಯ ಎರಡು, ಈ ಏಳಕ್ಕೆ ತಲಾ 2. ಉಳಿದ ಹದಿನಾರಕ್ಕೆ ತಲಾ 1. ಒಟ್ಟು 33. ಸಮ ಬಂದರೆ ಬಿಡಿಸಲು, ಸಮಾರಂಭ ಎಷ್ಟು ನಿಮಿಷ ನಡೆಯುತ್ತದೆ ಅನ್ನುವ ಊಹೆಯನ್ನೂ ಕೆಳಗೆ ಬರೆಸಿ. ಹಾಳೆಗಳು ಭಾನುವಾರ ರಾತ್ರಿ ಹತ್ತರೊಳಗೆ ಮುಚ್ಚಬೇಕು, ಫೋಟೊ ಗ್ರೂಪಿಗೆ ಬೀಳಬೇಕು. ಇಲ್ಲದಿದ್ದರೆ ಬೆಳಿಗ್ಗೆ "ನಾ ಅದನ್ನ ಬರದಿದ್ನೆಲ್ಲೋ ಮಾರಾಯಾ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಮೊದಲ ಅಂಕಣ ತುಂಬಲು ಬೇರೆ ಪ್ರಶಸ್ತಿಗಳನ್ನು ನೋಡಬೇಕು, ಆದರೆ ಎಲ್ಲಕ್ಕೂ ಒಂದೇ ತೂಕ ಕೊಡಬಾರದು. ಗೋಲ್ಡನ್ ಗ್ಲೋಬ್ ಮೊದಲು ಬರುತ್ತದೆ, ಗದ್ದಲ ಬಹಳ, ಆದರೆ ಅಲ್ಲಿ ಮತ ಹಾಕುವವರು ಪತ್ರಕರ್ತರು. ಆಸ್ಕರ್‌ಗೆ ಮತ ಹಾಕುವವರು ಸಿನಿಮಾದಲ್ಲಿ ದುಡಿಯುವವರು. ಅಮೆರಿಕದ ನಿರ್ದೇಶಕರ ಸಂಘ, ನಿರ್ಮಾಪಕರ ಸಂಘ, ನಟರ ಸಂಘ ಕೊಡುವ ಪ್ರಶಸ್ತಿಗಳಲ್ಲಿ ಮತದಾರರೇ ಅಲ್ಪಸ್ವಲ್ಪ ಒಂದಾಗಿರುತ್ತಾರೆ. ನಿರ್ದೇಶಕರ ಸಂಘ ಆರಿಸಿದವರು ಬಹುತೇಕ ವರ್ಷ ಆಸ್ಕರನ್ನೂ ಗೆದ್ದಿದ್ದಾರೆ. ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯಲ್ಲಿ ಅತಿ ದೊಡ್ಡ ಬಳಗ ನಟರದ್ದು, ಆದ್ದರಿಂದ ನಟನೆಯ ನಾಲ್ಕಕ್ಕೆ ನಟರ ಸಂಘದ ಕಡೆ ನೋಡಿ. ಅತ್ಯುತ್ತಮ ಚಿತ್ರಕ್ಕೆ ನಿರ್ಮಾಪಕರ ಸಂಘ, ಯಾಕೆಂದರೆ ಎರಡರ ಮತ ಎಣಿಕೆಯೂ ಒಂದೇ ಬಗೆ.

ಆ ಎಣಿಕೆಯನ್ನು ಒಮ್ಮೆ ಬೆರಳಿನಲ್ಲಿ ಎಣಿಸಿ ನೋಡಿದರೆ ಬಹಳ ಅಚ್ಚರಿಗಳು ಬಿಡುತ್ತವೆ. ಹನ್ನೊಂದು ಮಂದಿ ಒಂದು ಸಿನಿಮಾ ಆರಿಸಬೇಕು ಅನ್ನಿ. "ಅ"ಗೆ ಐದು ಮತ, "ಬ"ಗೆ ನಾಲ್ಕು, "ಕ"ಗೆ ಎರಡು. ನಮ್ಮ ಪಂಚಾಯತಿ ಲೆಕ್ಕದಲ್ಲಿ "ಅ" ಗೆದ್ದಂತೆ. ಇಲ್ಲಿ ಹಾಗಲ್ಲ. ಅರ್ಧಕ್ಕಿಂತ ಹೆಚ್ಚು ಬರಬೇಕು, ಅಂದರೆ ಆರು. ಯಾರಿಗೂ ಬರದಿದ್ದರೆ ಕೊನೆಯಲ್ಲಿರುವ "ಕ" ಹೊರಗೆ. ಅದಕ್ಕೆ ಮತ ಹಾಕಿದ ಇಬ್ಬರ ಚೀಟಿಯಲ್ಲಿ ಎರಡನೇ ಆಯ್ಕೆ ಏನಿದೆ ನೋಡುತ್ತಾರೆ. ಇಬ್ಬರೂ "ಬ" ಅಂದಿದ್ದರೆ ಅದು ಆರಕ್ಕೆ ಮುಟ್ಟಿ ಗೆಲ್ಲುತ್ತದೆ. ಅಂದರೆ ಕೆಲವರು ತಲೆ ಮೇಲೆ ಹೊತ್ತು ಉಳಿದವರು ಬೈಯುವ ಸಿನಿಮಾಕ್ಕಿಂತ, ಎಲ್ಲರೂ "ಚಲೋ ಐತಿ" ಅನ್ನುವ ಸಿನಿಮಾಕ್ಕೆ ಇಲ್ಲಿ ಅನುಕೂಲ. ಹಾಳೆ ತುಂಬುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಇದನ್ನು ಎಷ್ಟು ಮಂದಿ ಪ್ರೀತಿಸುತ್ತಾರೆ" ಅಂತ ಅಲ್ಲ, "ಇದನ್ನು ಎಷ್ಟು ಮಂದಿ ದ್ವೇಷಿಸುತ್ತಾರೆ" ಅಂತ. ಅಂತಿಮ ಸುತ್ತಿನಲ್ಲಿ ಈ ಪದ್ಧತಿ ಅತ್ಯುತ್ತಮ ಚಿತ್ರಕ್ಕೆ ಮಾತ್ರ. ಉಳಿದೆಲ್ಲದಕ್ಕೂ ಹೆಚ್ಚು ಮತ ಬಂದವರು ಗೆದ್ದಂತೆ.

ಅಂಕ ಹಾಕುವುದು ಗೆದ್ದವರು ಮಾತಾಡಿ ಮುಗಿಸಿದ ಮೇಲೆ. 2017ರಲ್ಲಿ ತಪ್ಪು ಲಕೋಟೆ ಕೈಗೆ ಹೋಗಿ ಅತ್ಯುತ್ತಮ ಚಿತ್ರವೇ ತಪ್ಪಾಗಿ ಘೋಷಣೆಯಾಯಿತು, ಒಂದು ತಂಡ ವೇದಿಕೆಯಲ್ಲಿ ಕೃತಜ್ಞತೆ ಹೇಳುತ್ತಿರುವಾಗ ಇನ್ನೊಂದನ್ನು ಕರೆದರು. ಪೆನ್ಸಿಲ್ ಬಳಸಿ.

ಜನವರಿಯಿಂದಲೇ ನೋಡುವ ಪಟ್ಟಿ

ನಾಮನಿರ್ದೇಶನ ಜನವರಿಯಲ್ಲಿ ಪ್ರಕಟ ಆಗುತ್ತದೆ, ನಮ್ಮ ಸಂಜೆ ಏಳಕ್ಕೆ. ಚಹಾ ಕುಡಿಯುತ್ತ ನೇರವಾಗಿ ನೋಡಬಹುದಾದ ಪುಣ್ಯದ ಹೊತ್ತು. ಅಲ್ಲಿಂದ ಸಮಾರಂಭಕ್ಕೆ ಸಾಮಾನ್ಯವಾಗಿ ಆರು, ಏಳು ವಾರ. ಮೊದಲು ಹೆಚ್ಚು ವಿಭಾಗಗಳಲ್ಲಿ ಇರುವ ಸಿನಿಮಾಗಳನ್ನು ನೋಡಿ. ಒಂದು ಸಿನಿಮಾ ಎಂಟು ವಿಭಾಗಗಳಲ್ಲಿದ್ದರೆ ಎರಡೂವರೆ ತಾಸಿಗೆ ಹಾಳೆಯ ಎಂಟು ಸಾಲು ತಿಳಿಯುತ್ತದೆ. ಒಂದೇ ವಿಭಾಗದಲ್ಲಿರುವವು ಕೊನೆಗೆ.

ಕಿರುಚಿತ್ರಗಳನ್ನು ಬಿಡಬೇಡಿ. ಮೂರು ವಿಭಾಗ, ತಲಾ ಐದು, ಒಟ್ಟು ಹದಿನೈದು. ನಿಯಮದ ಪ್ರಕಾರ ಒಂದೊಂದೂ 40 ನಿಮಿಷ ಮೀರುವಂತಿಲ್ಲ. ಹಲವು ಯೂಟ್ಯೂಬಿನಲ್ಲಿ ಪುಕ್ಕಟೆ ಇರುತ್ತವೆ. ಎಲ್ಲರೂ ಕಣ್ಣುಮುಚ್ಚಿ ಊಹಿಸುವ ಮೂರು ಅಂಕ ಇವು, ನೋಡಿದವರಿಗೆ ಇಲ್ಲೇ ಮುನ್ನಡೆ.

2026ರ 98ನೇ ಸಮಾರಂಭದಿಂದ ಅಕಾಡೆಮಿ ತನ್ನ ಸದಸ್ಯರಿಗೇ ಒಂದು ನಿಯಮ ಹಾಕಿದೆ: ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡದೆ ಆ ವಿಭಾಗದಲ್ಲಿ ಅಂತಿಮ ಮತ ಹಾಕುವಂತಿಲ್ಲ. ನಿಮ್ಮ ಗ್ರೂಪಿಗೂ ಇದೇ ಇರಲಿ. ಐದೂ ನೋಡದವರಿಗೆ "ಗೆಲ್ಲಬೇಕು" ಅಂಕಣದಲ್ಲಿ ಬಾಯಿಲ್ಲ.

ಥೇಟರಿನಲ್ಲೇ ನೋಡುತ್ತೇನೆ ಅನ್ನುವವರಿಗೆ ನಮ್ಮ ಮೂರು ಊರುಗಳಲ್ಲಿ ಹಾದಿ ಕಿರಿದು. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಪರದೆ ಹಂಚಿಕೊಳ್ಳುವುದರಿಂದ ಇಂಗ್ಲಿಷಿನ ಗಂಭೀರ ಚಿತ್ರಕ್ಕೆ ಜಾಗ ಸಿಕ್ಕರೆ ಒಂದೋ ಎರಡೋ ಆಟ. ಬಾಗಲಕೋಟೆ, ವಿಜಯಪುರಕ್ಕೆ ಅದೂ ಅಪರೂಪ. ವಿಜಯಪುರದವರಿಗೆ ಸೊಲ್ಲಾಪುರ, ಬಾಗಲಕೋಟೆಯವರಿಗೆ ಹುಬ್ಬಳ್ಳಿ ಹತ್ತಿರ. ಸಣ್ಣ ಸಿನಿಮಾ, ಕನ್ನಡದ್ದೇ ಇರಲಿ, ಬಂದರೆ ಶುಕ್ರವಾರದಿಂದ ಭಾನುವಾರದ ಒಳಗೆ ನೋಡಿಬಿಡಿ. ಸೋಮವಾರ ಆಟ ಕಡಿಮೆ ಮಾಡುತ್ತಾರೆ, ಮುಂದಿನ ಶುಕ್ರವಾರ ಪೋಸ್ಟರೇ ಇರುವುದಿಲ್ಲ. ಐದಾರು ಮಂದಿಗಾಗಿ ಆಟ ನಡೆಸದೆ ದುಡ್ಡು ವಾಪಸ್ ಕೊಡುವುದೂ ಉಂಟು, ಅದಕ್ಕೆ ನಾಲ್ಕು ಮಂದಿಯನ್ನು ಕಟ್ಟಿಕೊಂಡೇ ಹೋಗಿ. ದೊಡ್ಡ ನಾಯಕನ ಸಿನಿಮಾಕ್ಕೆ ಇದು ಉಲ್ಟಾ: ಮೊದಲ ದಿನ ಮೊದಲ ಆಟ ಜಾತ್ರೆ ನೋಡಲು, ಮಾತು ಕೇಳಿಸಬೇಕೆಂದರೆ ಸೋಮವಾರದ ಮ್ಯಾಟಿನಿ.

ಗೋವಾ ಒಂದು ದೊಡ್ಡ ಅನುಕೂಲ, ಬೆಳಗಾವಿಯವರು ಅದನ್ನು ಪೂರಾ ಬಳಸಿಕೊಳ್ಳುವುದಿಲ್ಲ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2004ರಿಂದ ಪಣಜಿಯಲ್ಲೇ, ನವೆಂಬರ್ ಕೊನೆಯ ಭಾಗದಲ್ಲಿ ನಡೆಯುತ್ತದೆ. ಚೋರ್ಲಾ ಘಾಟಿನ ಮೇಲೆ ಸುಮಾರು 120 ಕಿ.ಮೀ.; ನಮ್ಮ ಸಾರಿಗೆ ಬಸ್ಸೂ ಇದೆ, ಗೋವಾ ಸರ್ಕಾರದ ಕದಂಬ ಬಸ್ಸೂ ಇದೆ. ಆಸ್ಕರಿನ ಪರಭಾಷೆಯ ವಿಭಾಗಕ್ಕೆ ಬೇರೆ ಬೇರೆ ದೇಶಗಳು ಕಳಿಸಿದ ಚಿತ್ರಗಳಲ್ಲಿ ಕೆಲವು ಅಲ್ಲಿ ಮಾರ್ಚಿಗಿಂತ ನಾಲ್ಕು ತಿಂಗಳು ಮೊದಲೇ ಸಿಗುತ್ತವೆ. ಪ್ರತಿನಿಧಿ ನೋಂದಣಿ ಮುಂಚೆಯೇ ಮಾಡಿ, ಹೋದ ಮೇಲೆ ಮುಂದಿನ ಆಟಗಳನ್ನು ಆನ್‌ಲೈನಿನಲ್ಲಿ ಕಾಯ್ದಿರಿಸಿ. ತುಂಬಿದೆ ಅಂತ ತೋರಿಸಿದರೂ ಬಾಗಿಲ ಬಳಿ ಸಾಲಿನಲ್ಲಿ ನಿಲ್ಲಿ. ಕಾಯ್ದಿರಿಸಿ ಬಾರದವರ ಸೀಟು ಆ ಸಾಲಿಗೆ ಸಿಗುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ನೋಡಿದರೆ ಎರಡನೇ ದಿನದ ಹೊತ್ತಿಗೆ ಯಾವ ಕಥೆಯಲ್ಲಿ ಯಾರು ಸತ್ತರು ಅನ್ನುವುದೇ ಕಲಸಿಹೋಗುತ್ತದೆ.

ನಸುಕಿನ ಸುಸಲಾ

ಸಮಾರಂಭದ ನಡುವೆ ಹಸಿವಾಗುವುದು ಸುಮಾರು ಎರಡನೇ ತಾಸಿಗೆ. ಉಪ್ಪಿಟ್ಟಿಗೆ ರವೆ ಹುರಿಯಬೇಕು, ಅವಲಕ್ಕಿ ಎಲ್ಲರಿಗೂ ಬೇಸರ. ಜಾಹೀರಾತಿನ ಬಿಡುವಿನಲ್ಲಿ ಆಗುವುದು ಸುಸಲಾ ಒಂದೇ.

ನಾಲ್ಕು ಮಂದಿಗೆ ಚುರಮುರಿ 200 ಗ್ರಾಂ, ಉಳ್ಳಾಗಡ್ಡಿ ಎರಡು, ಹಸಿಮೆಣಸಿನಕಾಯಿ ಐದಾರು, ಶೇಂಗಾ ಒಂದು ಮುಷ್ಟಿ, ಪುಟಾಣಿ ಹಿಟ್ಟು ನಾಲ್ಕು ದೊಡ್ಡ ಚಮಚ, ಲಿಂಬೆ ಒಂದು. ರಾತ್ರಿಯೇ ಒಗ್ಗರಣೆ ಮಾಡಿ ಮುಚ್ಚಿಡಿ: ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಮೆಣಸಿನಕಾಯಿ, ಉಳ್ಳಾಗಡ್ಡಿ ಮೆತ್ತಗಾಗುವವರೆಗೆ, ಕೊನೆಗೆ ಅರಿಶಿಣ, ಉಪ್ಪು, ಚಿಟಿಕೆ ಸಕ್ಕರೆ. ನಸುಕಿನಲ್ಲಿ ಬಿಡುವು ಬಂದಾಗ ಒಲೆ ಹಚ್ಚಿ ಅದನ್ನು ಬಿಸಿಗಿಡಿ. ಅಷ್ಟರಲ್ಲಿ ದೊಡ್ಡ ಬೋಗುಣಿಯ ನೀರಿಗೆ ಚುರಮುರಿ ಹಾಕಿ ಅಂಗೈಯಿಂದ ಒತ್ತಿ ಹಿಡಿಯಿರಿ. ಹಗುರ ಇರುವುದರಿಂದ ತೇಲುತ್ತದೆ, ಒತ್ತದಿದ್ದರೆ ಮೇಲಿನವು ಒಣಗಿಯೇ ಉಳಿಯುತ್ತವೆ. ದಪ್ಪ ಚುರಮುರಿಗೆ ಒಂದು ನಿಮಿಷ, ಸಣ್ಣದಕ್ಕೆ ಅರ್ಧವೇ ಸಾಕು. ಎರಡೂ ಕೈಯಿಂದ ಗಟ್ಟಿ ಹಿಂಡಿ ತೆಗೆದು ಒಗ್ಗರಣೆಗೆ ಹಾಕಿ. ನೀರು ಉಳಿದರೆ ಅದು ಸುಸಲಾ ಅಲ್ಲ, ಗಂಜಿ. ಹೊರಳಿಸಿ, ಒಲೆ ಆರಿಸಿ, ಆಮೇಲೆ ಪುಟಾಣಿ ಹಿಟ್ಟು ಉದುರಿಸಿ. ಉರಿಯ ಮೇಲಿದ್ದಾಗಲೇ ಹಾಕಿದರೆ ತಳ ಹಿಡಿದು ಗಂಟಾಗುತ್ತದೆ. ಲಿಂಬೆ, ಕೊತಂಬರಿ ಕೊನೆಗೆ. ಸಿಹಿ ಬೇಕಾದವರಿಗೆ ಕುಂದಾ ಅಥವಾ ಅಮೀನಗಡದ ಕರದಂಟು ಹಿಂದಿನ ದಿನವೇ ತಂದಿಡಿ. ಆ ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ವಹಿ ಮತ್ತು ಟಿಕೆಟ್

ವರ್ಷವಿಡೀ ನಡೆಯುವ ರೂಢಿ ಎಂದರೆ ವಹಿ. 200 ಪುಟದ ಉದ್ದನೆಯ ವಹಿ ಸಾಕು. ತಾರೀಕು, ಸಿನಿಮಾ, ಎಲ್ಲಿ ನೋಡಿದ್ದು, ಮೂಲ ಭಾಷೆಯೋ ಡಬ್ಬಿಂಗೋ, ಜೊತೆಗಿದ್ದವರು, ಮಧ್ಯಂತರ ಎಲ್ಲಿ ಬಂತು. ಕೊನೆಯದನ್ನು ಕೇಳಿ ನಗುವವರಿದ್ದಾರೆ. ಇಂಗ್ಲಿಷ್ ಸಿನಿಮಾಗಳನ್ನು ಮಧ್ಯಂತರವಿಲ್ಲದೆ ಮಾಡಿರುತ್ತಾರೆ, ಇಲ್ಲಿ ಅದನ್ನು ನಡುವೆ ಎಲ್ಲೋ ಕತ್ತರಿಸುತ್ತಾರೆ. ಎಲ್ಲಿ ಕತ್ತರಿಸಿದರು ಅನ್ನುವುದರ ಮೇಲೆ ಎರಡನೇ ಅರ್ಧ ಎಳೆದಂತೆ ಅನಿಸುವುದೂ ಬಿಡುವುದೂ ನಿಂತಿದೆ. ವಿವರಗಳನ್ನು ಆ ರಾತ್ರಿಯೇ ಬರೆಯಿರಿ, ಅಂಕವನ್ನು ಮಾತ್ರ ವಾರ ಬಿಟ್ಟು. ಹೊರಗೆ ಬಂದ ಬಿಸಿಯಲ್ಲಿ ಕೊಟ್ಟ ಒಂಬತ್ತು ವಾರದ ಮೇಲೆ ಆರೂವರೆ ಆಗುತ್ತದೆ.

ಟಿಕೆಟ್ ಕೂಡಿಡುವವರು ಎಚ್ಚರ ತಪ್ಪುವ ಜಾಗವೊಂದಿದೆ. ಹಳೇ ಟಾಕೀಸಿನ ಒರಟು ಬಣ್ಣದ ಕಾಗದದ ಚೂರು ಮೂವತ್ತು ವರ್ಷ ಬಾಳುತ್ತದೆ. ಮಲ್ಟಿಪ್ಲೆಕ್ಸಿನ ನುಣುಪು ಟಿಕೆಟ್ ಥರ್ಮಲ್ ಕಾಗದ, ಅದರಲ್ಲಿ ಶಾಯಿಯೇ ಇಲ್ಲ. ಬಿಸಿ ತಗುಲಿದಲ್ಲಿ ಕಪ್ಪಾಗುವ ಲೇಪನ ಅಷ್ಟೇ. ಬಾಗಲಕೋಟೆಯ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯೊಳಗೆ ಬಿಟ್ಟರೆ ಒಂದೇ ಮಧ್ಯಾಹ್ನಕ್ಕೆ ಬೂದು. ಚಲೋ ಉಳಿಯಲಿ ಅಂತ ಲ್ಯಾಮಿನೇಶನ್ ಮಾಡಿಸಿದರೆ ಯಂತ್ರದ ಕಾವಿಗೆ ಪೂರ್ತಿ ಕಪ್ಪಾಗಿ ಹೊರಬರುತ್ತದೆ. ಸೆಲೋಟೇಪ್ ಅಂಟಿಸಿದ ಜಾಗದಲ್ಲಿ ಅಕ್ಷರ ಅಳಿಯುತ್ತದೆ, ಮೆತ್ತನೆಯ ಪಿವಿಸಿ ಆಲ್ಬಮ್ಮಿನ ಹಾಳೆಯೊಳಗೂ ಅದೇ ಗತಿ. ಮಾಡಬೇಕಾದ್ದು ಇಷ್ಟೇ: ಅದೇ ದಿನ ಫೋಟೊ ತೆಗೆಯಿರಿ ಅಥವಾ ಝೆರಾಕ್ಸ್ ಮಾಡಿಸಿ, ಮೂಲವನ್ನು ಸಾದಾ ಕಾಗದದ ಲಕೋಟೆಯಲ್ಲಿ ಹಾಕಿ ಕಪಾಟಿನ ಕೆಳಗಿನ ಅರೆಯಲ್ಲಿಡಿ.

ವಹಿಯ ಕೊನೆಯ ಪುಟಗಳನ್ನು ನಮ್ಮ ಸೀಮೆಯ ನಂಟಿಗೆ ಬಿಡಿ. ಬೀಳಗಿಯಿಂದ ಮುಂಬೈಗೆ ಹೋಗಿ ಹಿಂದಿ ಸಿನಿಮಾದ ಗಾಯಕಿಯಾದ ಅಮೀರಬಾಯಿ ಕರ್ನಾಟಕಿ, ವಿಜಯಪುರದ ಅಮೀರ್ ಟಾಕೀಸಿಗೆ ಅವರದೇ ಹೆಸರು. ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ, ಪೋಷಕ ನಟನೆಗೆ ಎರಡು ರಾಷ್ಟ್ರಪ್ರಶಸ್ತಿ. ಪಕ್ಕದ ಕೊಲ್ಹಾಪುರದ ಭಾನು ಅಥೈಯಾ, 1983ರಲ್ಲಿ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಗೆದ್ದ ಮೊದಲ ಭಾರತೀಯರು. ಜೋಪಾನವಾಗಿರಲಿ ಅಂತ 2012ರಲ್ಲಿ ಆ ಪ್ರತಿಮೆಯನ್ನು ಅಕಾಡೆಮಿಗೇ ಮರಳಿಸಿದರು.

ನಮ್ಮ ಪ್ರಶಸ್ತಿಗಳ ವರ್ಷದ ಗೊಂದಲ

ರಾಷ್ಟ್ರಪ್ರಶಸ್ತಿ ಬರೆದಿಡುವಾಗ ಪ್ರಶಸ್ತಿಯ ವರ್ಷ, ಘೋಷಣೆಯ ವರ್ಷ ಎರಡನ್ನೂ ಬರೆಯಿರಿ. 70ನೇ ರಾಷ್ಟ್ರಪ್ರಶಸ್ತಿ 2022ರ ಚಿತ್ರಗಳಿಗೆ, ಘೋಷಣೆಯಾದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಬಿಡುಗಡೆಯ ದಿನ ಅಲ್ಲ, ಸೆನ್ಸಾರ್ ಪತ್ರದ ದಿನ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಫೆಬ್ರವರಿಯಲ್ಲಿ ಬಂದ ಚಿತ್ರ ಹಿಂದಿನ ವರ್ಷದ್ದೇ. ರಾಜ್ಯಪ್ರಶಸ್ತಿ ಇನ್ನೂ ತಡ: 2019ರ ಸಾಲಿನದು ಘೋಷಣೆಯಾದದ್ದು 2025ರ ಜನವರಿಯಲ್ಲಿ. ಟಿವಿಯಲ್ಲಿ ಬರುವ ಖಾಸಗಿ ಪ್ರಶಸ್ತಿ ಸಮಾರಂಭಗಳನ್ನು ಮೊದಲೇ ಚಿತ್ರೀಕರಿಸಿ, ಕತ್ತರಿಸಿ, ವಾರಗಟ್ಟಲೆ ಬಿಟ್ಟು ಹಾಕುತ್ತಾರೆ. ಊಹೆಯ ಹಾಳೆಯನ್ನು ಪ್ರಸಾರದ ದಿನಕ್ಕೆ ಮಾಡಿದರೆ ವ್ಯರ್ಥ, ಪೇಪರಿನಲ್ಲಿ ಗೆದ್ದವರ ಹೆಸರು ಆಗಲೇ ಬಂದಿರುತ್ತದೆ.

ಬೇಸಿಗೆ ರಜೆಗೆ ಒಂದು ಪುಟ್ಟ ಯೋಜನೆ ಬೇಕಿದ್ದರೆ, ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಪಡೆದ ಕನ್ನಡದ ಆರನ್ನು ಸಾಲಾಗಿ ನೋಡಿ: ಸಂಸ್ಕಾರ (1970), ಚೋಮನ ದುಡಿ (1975), ಘಟಶ್ರಾದ್ಧ (1977), ತಬರನ ಕಥೆ (1986), ತಾಯಿ ಸಾಹೇಬ (1997), ದ್ವೀಪ (2001). ಯೂಟ್ಯೂಬಿನಲ್ಲಿ ಸಿಗುವ ಪ್ರತಿಗಳಲ್ಲಿ ಕೆಲವು ಮೇಲೆ ಕೆಳಗೆ ಕತ್ತರಿಸಿದಂಥವು, ನಟರ ಹಣೆಯೇ ಕಾಣುವುದಿಲ್ಲ. ಘಟಶ್ರಾದ್ಧದ ಹೊಸದಾಗಿ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ್ದಾರೆ. ಅದು ಎಲ್ಲಾದರೂ ಹತ್ತಿರ ಬಂದರೆ ಬಸ್ಸು ಹತ್ತಿ.

ನೇರ ನೋಡಲಾಗದವರಿಗೆ

ಸಂಜೆಯ ಮರುಪ್ರಸಾರಕ್ಕೇ ಕಾಯುವವರು ಹಗಲಿಡೀ ಫಲಿತಾಂಶದಿಂದ ತಪ್ಪಿಸಿಕೊಳ್ಳಬೇಕು. ಭಾನುವಾರ ರಾತ್ರಿಯೇ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಮುಚ್ಚಿ, ಸಿನಿಮಾ ಗ್ರೂಪನ್ನು ಮ್ಯೂಟ್ ಮಾಡಿ. ಯೂಟ್ಯೂಬ್ ತೆರೆಯಲೇಬೇಡಿ, ವಿಡಿಯೊ ಹಚ್ಚದಿದ್ದರೂ ಮೇಲಿನ ಚಿತ್ರದಲ್ಲೇ ಪ್ರತಿಮೆ ಹಿಡಿದವರು ನಿಂತಿರುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ಸೂ ಬೇಡ. ಆಫೀಸಿನಲ್ಲಿ ಸಿನಿಮಾ ಗೊತ್ತಿರುವ ಒಬ್ಬರಿಗೆ ಮಾತ್ರ "ಸಂಜೀತನಕ ಬಾಯಿ ಬಿಡಬ್ಯಾಡ್ರಿ" ಅಂತ ಮೊದಲೇ ಹೇಳಿಡಿ. ಎಲ್ಲರಿಗೂ ಹೇಳಿದರೆ ಅದುವರೆಗೆ ಆಸ್ಕರಿನ ಹೆಸರೇ ಎತ್ತದವರೂ ಬೇಕಂತಲೇ ಹುಡುಕಿ ಬಂದು ಹೇಳುತ್ತಾರೆ. ಮರುಪ್ರಸಾರದಲ್ಲಿ ಭಾಷಣಗಳಿಗೆ ಕತ್ತರಿ ಬಿದ್ದಿರಬಹುದು, ಪೂರ್ತಿ ಬೇಕೆನ್ನುವವರು ಆ್ಯಪಿನಲ್ಲಿ ಉಳಿದಿರುವ ದಾಖಲೆಯನ್ನೇ ನೋಡಿ. ಅದನ್ನು ಹಚ್ಚುವಾಗಲೂ ಒಂದು ಮುನ್ನೆಚ್ಚರಿಕೆ: ಮೊದಲು ಮನೆಯ ಚಿಕ್ಕವರ ಕೈಗೆ ರಿಮೋಟ್ ಕೊಟ್ಟು, ವಿಡಿಯೊ ಶುರುವಾಗುವತನಕ ನೀವು ಗೋಡೆ ಕಡೆ ಮುಖ ಮಾಡಿ ಕೂಡಿ.